ಹತ್ತು ಗಂಟೆಗೆ ನಿಂತ ಮೈ

ಇಪ್ಪತ್ತಾರು ವರ್ಷ
ಕುರ್ಚಿಯ ಬಲಕ್ಕೆ, ಗಡಿಯಾರದ ಹತ್ತು ಗಂಟೆಯ ಜಾಗದಲ್ಲಿ ಕೂತು
ದಾವಣಗೆರೆಯ ಬಾಯಿಗಳಿಗೆ ಬಗ್ಗಿದವನು ನಾನು.
ಎಲೆಯಡಿಕೆಯ ಬಾಯಿ, ಗುಟ್ಕಾದ ಬಾಯಿ,
ಮಂಡಕ್ಕಿ ಮಿರ್ಚಿ ತಿಂದು ಬಂದು
"ಏನೂ ತಿಂದಿಲ್ರಿ" ಅನ್ನುವ ಬಾಯಿ.
ಕುತ್ತಿಗೆ ಎಡಕ್ಕೆ, ಬೆನ್ನು ಬಲಕ್ಕೆ,
ಒಂದು ಕಾಲು ಸದಾ ಪೆಡಲಿನ ಮೇಲೆ.
ಸಂಜೆ ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿದರೆ
ಅದೂ ಓರೆಯಾಗಿಯೇ ತೂಗುತ್ತದೆ.

ದೇಸಾಯರು ಹೋದ ಮೇಲೆ ಅವರ ಹೆಂಡತಿ
ಮೂರು ಹಲ್ಲು ಕಟ್ಟಿದ ದುಡ್ಡಿನ ಜೊತೆ
ಉದ್ದನೆಯ ಚೀಲವೊಂದನ್ನು ಕಳಿಸಿದರು.
ಮುಚ್ಚಿದ ಮಿಲ್ಲಿನ ಮ್ಯಾನೇಜರರ ಏಳು ಗಾಲ್ಫ್ ಕೋಲು.
ಎಡಗೈಗೆ ಒಂದೇ ಗ್ಲೌಸು, ಒಣಗಿ,
ಬೆರಳು ಮಡಚಿಕೊಂಡೇ ಗಟ್ಟಿಯಾಗಿತ್ತು,
ಹಿಡಿದದ್ದನ್ನು ಇನ್ನೂ ಬಿಟ್ಟಿರಲಿಲ್ಲ.

ಇಲ್ಲಿ ಹುಲ್ಲಿನ ಮೈದಾನ ಎಲ್ಲಿಂದ ಬರಬೇಕು.
ಕುಂದುವಾಡ ಕೆರೆಯಾಚೆ ಲೇಔಟು ಆಗಲಿರುವ ಹೊಲ,
ಕಲ್ಲು ನೆಟ್ಟಿದ್ದಾರೆ, ಮನೆ ಎದ್ದಿಲ್ಲ.
ಐದೂವರೆಗೆ ಅಲ್ಲಿ ನಾನು, ಕೊಟ್ರೇಶಿ, ವಯಸ್ಸು ಐವತ್ತೆರಡು,
ನಲವತ್ತೊಂದನೇ ಸೈಟಿನಲ್ಲಿ ಚೆಂಡಿಟ್ಟು
ಅರವತ್ತರ ಕಲ್ಲಿಗೆ ಗುರಿಯಿಟ್ಟು ಬೀಸುತ್ತೇನೆ.
ಅದು ಅರ್ಧ ದಾರಿ ನೆಟ್ಟಗೆ ಹೋಗಿ
ಏನೋ ನೆನಪಾದಂತೆ ಬಲಕ್ಕೆ ವಾಲಿ
ಜಾಲಿ ಮುಳ್ಳು ಸೇರುತ್ತದೆ.
ವಾಕಿಂಗಿನವರು ನಿಂತು ಕೇಳುತ್ತಾರೆ:
"ಹಾವೇನ್ರೀ ಡಾಕ್ಟ್ರೇ?"

ಚೆಂಡು ಹೆಕ್ಕಲು ಬರುವ ತನ್ವೀರ
ಮೊಬೈಲಿನಲ್ಲಿ ಹಿಡಿದ, ನಿಧಾನ ಮಾಡಿ ತೋರಿಸಿದ.
ಕ್ಲಿನಿಕ್ಕಿನಲ್ಲಿ ಅವನಮ್ಮ ಮೆಹರುನ್ನೀಸಾ
ಹತ್ತಿ ಸುತ್ತುತ್ತಾ ಒಮ್ಮೆ ನೋಡಿ ಅಂದಳು:
"ಕೈ ಅಷ್ಟೇ ಹೋಗ್ತಾವ್ರಿ ಸರ್,
ನೀವು ಇಲ್ಲೇ ಇರ್ತೀರಿ."

ಈ ಮಾತು ನನ್ನದೇ ಅಲ್ಲವೇ.
ಕಾಲೇಜಿನಲ್ಲಿ, ದವಡೆಯ ಹಲ್ಲಿಗೆ ಇಕ್ಕಳ ಹಾಕಿ
ತೋಳು ನಡುಗಿಸುವ ಹುಡುಗರಿಗೆ
ಎಷ್ಟು ಸಲ ಗದರಿಲ್ಲ:
ಎಳೀಬೇಡ. ಎಳೆಯೋದಲ್ಲ ಅದು.
ಮೊದಲು ಪಾದ ಊರು, ನಿನ್ನ ಭಾರ ಎಲ್ಲಿದೆ ನೋಡಿಕೋ,
ಆ ಭಾರ ತಾನಾಗಿ ತಿರುಗಲಿ,
ಮಣಿಕಟ್ಟಿಗೆ ಸುದ್ದಿ ಕೊನೆಗೆ ಮುಟ್ಟಲಿ.

ಹೇಳಿದವನ ಸೊಂಟಕ್ಕೆ ಮಾತ್ರ ಕೇಳಿಸಿರಲಿಲ್ಲ.

ಈಗ ಚೆಂಡೇ ಇಡದೆ ಬೀಸುತ್ತೇನೆ.
ಬಲಗಾಲಿಗೆ ಭಾರ ಕೊಟ್ಟು ಬೆನ್ನು ಹಿಂದಕ್ಕೆ ತಿರುವಿ
ಒಂದು ಗಳಿಗೆ ಕಾಯುತ್ತೇನೆ. ಕಾಯುವುದೇ ಕಷ್ಟ.
ಆಮೇಲೆ ಎಡ ಹಿಮ್ಮಡಿ, ಎಡ ಮಂಡಿ,
ತುಕ್ಕು ಹಿಡಿದ ಗೇಟು ಕಿರುಗುಟ್ಟಿ ತೆರೆದ ಹಾಗೆ ಎಡ ಸೊಂಟ,
ಅದರ ಹಿಂದೆ ಎದೆ, ಭುಜ.
ಗೂಡ್ಸ್ ಗಾಡಿ ಹೊರಟಾಗ
ಕೊಂಡಿಯಿಂದ ಕೊಂಡಿಗೆ ಸದ್ದು ಓಡಿ
ಕಡೇ ಡಬ್ಬಿ ಅಲುಗುತ್ತದಲ್ಲ,
ಹಾಗೆ ಕಟ್ಟಕಡೆಗೆ ಕೈ.
ಮರುದಿನ ಹೆಂಡತಿ ಬೆನ್ನಿಗೆ ಮುಲಾಮು ತಿಕ್ಕುತ್ತಾ
ಕೇಳುವುದನ್ನೂ ಬಿಟ್ಟಿದ್ದಾಳೆ.

ಹೋದ ಗುರುವಾರ ಒಂದು ಚೆಂಡು ನೆಟ್ಟಗೆ ಹೋಯಿತು.
ಹೊಡೆದದ್ದು ಕೈಗೆ ತಿಳಿಯಲೇ ಇಲ್ಲ,
ಟಪ್ ಅಂತ ಸಣ್ಣ ಸದ್ದು ಅಷ್ಟೇ.
ತನ್ವೀರ ಓಡಿದ. ಸಿಗಲಿಲ್ಲ ಅಂದ.
ಇರಲಿ ಬಿಡು ಅಂದೆ,
ಅದು ಸಿಕ್ಕಿದ್ದರೆ ಮತ್ತೆ ಅದನ್ನೇ ಹೊಡೆಯಬೇಕಾಗುತ್ತಿತ್ತು.

ಆ ಹುರುಪಿನಲ್ಲಿ ಕ್ಲಿನಿಕ್ಕಿಗೆ ಬಂದು
ಸ್ಟೂಲು ಹನ್ನೆರಡು ಗಂಟೆಯ ಜಾಗಕ್ಕೆ ಎಳೆದೆ.
ಆನಗೋಡಿನ ಹಾಲಮ್ಮನ ಮುಖ ತಲೆಕೆಳಗು:
ಗದ್ದ ಮೇಲೆ, ಅದರಡಿ ಬಾಯಿ, ಅದರಡಿ ಮೂಗು,
ಎಲ್ಲಕ್ಕೂ ಕೆಳಗೆ ಹಣೆಯ ವಿಭೂತಿ.
ಕನ್ನಡಿ ಇತ್ತ ಅಂದರೆ ಅತ್ತ, ಕೈ ತಬ್ಬಿಬ್ಬು.
ಅವಳೂ ಕೆಳಗಿನಿಂದ ನನ್ನನ್ನೇ ದಿಟ್ಟಿಸಿ,
ಬಾಯಲ್ಲಿ ಹತ್ತಿಯಿಟ್ಟುಕೊಂಡೇ ಕೇಳಿದಳು:
"ಯಾಕಪ್ಪಾ, ಹುಷಾರದೀಯಾ?"

ಮಧ್ಯಾಹ್ನದ ಹೊತ್ತಿಗೆ ಮತ್ತೆ ಹತ್ತಕ್ಕೇ ಬಂದು ಕೂತೆ.

ಟ್ರೇ ಸರಿಸುತ್ತಾ ಮೆಹರುನ್ನೀಸಾ ನೆಲ ನೋಡಿದಳು,
ಸ್ಟೂಲಿನ ಗಾಲಿ ಸವೆಸಿದ ಹಳೆಯ ಗುರುತಿನಿಂದ
ಎರಡು ಬೆರಳು ಆಚೆಗಿತ್ತು.
ಹತ್ತೂಕಾಲು ಅನ್ನಬಹುದು.